ಹಿಂದಿನ ಸೀಟಿಗೆ ಹೇಳಿದ ಮಾತು

ಮೊನ್ನೆ ಬೆಳಿಗ್ಗೆ ಪೆರಂಬೂರು ಮಾರ್ಕೆಟ್ಟಿನಿಂದ ಬರುವಾಗ ನನ್ನ ವೈರು ಬುಟ್ಟಿಯ ಹಿಡಿ ಕಿತ್ತುಹೋಯಿತು. ಟೊಮ್ಯಾಟೊ ರಸ್ತೆ ತುಂಬ ಉರುಳಿದವು. ಆರಿಸಿಕೊಳ್ಳಲು ಬಗ್ಗಿದವನಿಗೆ ಎದೆಯ ಮೇಲೆ ಯಾರೋ ಮೊಣಕೈ ಊರಿದ ಹಾಗಾಗಿ, ಸಿಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೊಪ್ಪು ಮಾರುವ ಹೆಂಗಸು ಎದ್ದು ಬಂದು ಎಲ್ಲವನ್ನೂ ಆರಿಸಿ ಬುಟ್ಟಿಗೆ ತುಂಬಿ, "ಸಾರ್, ಇದ ತೂಕ್ಕಿ ಪೋಡುಂಗ, ಪುದುಸು ವಾಂಗುಂಗ" ಎಂದಳು. ಇದನ್ನು ಬಿಸಾಕಿ ಹೊಸದು ತಗೊಳ್ಳಿ ಅಂತ. ಪಾಪ, ಉಪಕಾರ ಮಾಡಿದವಳ ಮೇಲೆಯೇ ನನಗೆ ರೇಗಿತು. ಈ ಬುಟ್ಟಿ ಯೂರೋಪು ನೋಡಿ ಬಂದಿದೆ ಕಣಮ್ಮಾ ಎಂದು ಅವಳಿಗೆ ಹೇಳಿದರೆ ನಂಬುತ್ತಿದ್ದಳೇ?

ಸಂಜೆ ಡಾಕ್ಟರ ಹತ್ತಿರ ಹೋದೆ. ಅವರು ಎದೆಗೆ ತಂತಿಗಳನ್ನು ಅಂಟಿಸಿ ಪಟ್ಟಿ ತೆಗೆದು ನೋಡಿ, ಚೀಟಿ ಬರೆದು ಕೊಟ್ಟರು. ತಡಮಾಡದೆ ಆಸ್ಪತ್ರೆಗೆ ಸೇರಬೇಕಂತೆ, ಜೊತೆಗೆ ಮನೆಯವರು ಯಾರಾದರೂ ಬರಬೇಕಂತೆ. ಮನೆಯವರು ಅಂದರೆ ನನಗಿರುವುದು ಒಬ್ಬಳೇ ಮಗಳು, ಉಮಾ. ಗಂಡನ ಜೊತೆ ಇದೇ ಊರಿನ ಇನ್ನೊಂದು ತುದಿ, ತಾಂಬರದಲ್ಲಿದ್ದಾಳೆ. ಎರಡು ದಿನದಿಂದ ಆ ಚೀಟಿ ಬುಟ್ಟಿಯೊಳಗೇ ಬಿದ್ದಿದೆ, ಅವಳಿಗೆ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದು ನೀವು ಕೇಳುವುದು ನ್ಯಾಯವೇ. ಅದನ್ನು ಹೇಳಬೇಕಾದರೆ ಬುಟ್ಟಿಯ ಕಥೆ ಹೇಳಬೇಕು.

ಹಸಿರು-ಬಿಳಿ ವೈರಿನ ಆ ಬುಟ್ಟಿ ಹೆಣೆದವಳು ನನ್ನ ಹೆಂಡತಿ ಸರೋಜ. ದಾವಣಗೆರೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು ಮೊದಲು ಕಲಿತದ್ದು ತಮಿಳು, ಆಮೇಲೆ ಬುಟ್ಟಿ ಹೆಣಿಗೆ. ಈಗಲೂ ಮೂಗು ಹತ್ತಿರ ತಂದರೆ ಶೇಂಗಾ ಚಟ್ನಿಪುಡಿಯ ವಾಸನೆ, ಅದರ ಅಡಿಯಲ್ಲಿ ಸ್ವಲ್ಪ ವಿಭೂತಿಯದು. ನಾನು ಇಲ್ಲಿನ ರೈಲು ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಿಟಕಿ ಕೂರಿಸಿದವನು. ನೀವು ಎಲ್ಲಿಗಾದರೂ ರೈಲಿನಲ್ಲಿ ಹೋಗಿ, ಕಿಟಕಿಯ ಶಟರು ಮೇಲೇಳದೆ ಬೈದುಕೊಂಡಿದ್ದರೆ, ಬೈಸಿಕೊಂಡವನು ನಾನೇ ಇರಬಹುದು.

ಪಾಳಿ ಕೆಲಸ. ನಾನು ಮನೆಗೆ ಬಂದಾಗ ಮಗಳು ಸ್ಕೂಲಲ್ಲಿ, ಅವಳು ಬಂದಾಗ ನಾನು ನಿದ್ದೆಯಲ್ಲಿ. ಹೀಗಾಗಿ ನಮ್ಮಿಬ್ಬರ ಮಾತು ಸರೋಜಳ ಕೈಯಲ್ಲಿ ಕೊಟ್ಟುಹೋಗುವುದು ಅಭ್ಯಾಸವಾಯಿತು. ಪಾಳಿ ಮುಗಿದು ಆಫೀಸಿನ ಹೊತ್ತು ಬಂದ ಮೇಲೂ ಅಭ್ಯಾಸ ಮಾತ್ರ ಹೋಗಲಿಲ್ಲ. ಊಟಕ್ಕೆ ಕೂತಾಗ ಮಗಳು ನನ್ನ ಪಕ್ಕದ ತಟ್ಟೆಯಲ್ಲೇ ಉಣ್ಣುತ್ತಿರುತ್ತಿದ್ದಳು. ಆದರೂ ನಾನು ಸರೋಜಳ ಕಡೆ ತಿರುಗಿ, "ಅವಳಿಗೆ ಹೇಳು, ಟ್ರೈನಲ್ಲಿ ಬಾಗಿಲ ಹತ್ರ ನಿಲ್ಲಬಾರದು ಅಂತ" ಎನ್ನುತ್ತಿದ್ದೆ. ಅವಳು, "ಅಪ್ಪಾಕಿಟ್ಟ ಸೊಲ್ಲುಮ್ಮಾ, ಎನಕ್ಕು ತೆರಿಯುಮ್ನು" ಎನ್ನುತ್ತಿದ್ದಳು. ತನಗೆ ಗೊತ್ತಿದೆಯೆಂದು ಅಪ್ಪನಿಗೆ ಹೇಳು ಅಂತ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ನನಗೂ ತಮಿಳು ಬರುತ್ತಿತ್ತು. ಆದರೂ ಸರೋಜ ಅದನ್ನು ಕನ್ನಡ ಮಾಡಿ, ಖಾರ ತೆಗೆದು, ನನಗೆ ದಾಟಿಸುತ್ತಿದ್ದಳು.

"ನಾನೇನ್ ನಿಮ್ಮಿಬ್ರ ಪೋಸ್ಟಾಫೀಸೇನ್ರೀ?" ಎಂದು ಒಮ್ಮೊಮ್ಮೆ ಸಿಡುಕುತ್ತಿದ್ದಳು. ನಾವಿಬ್ಬರೂ ಅವಳ ಕಡೆ ನೋಡಿ ನಗುತ್ತಿದ್ದೆವೇ ಹೊರತು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಉಮಾ ಇಂಜಿನಿಯರಿಂಗ್ ಮುಗಿಸಿ ಅಂಬತ್ತೂರಿನ ಒಂದು ಯಂತ್ರದ ಕಾರ್ಖಾನೆ ಸೇರಿದಳು. ಆ ಕಾರ್ಖಾನೆಯವರು ಅವಳನ್ನು ನಾಲ್ಕು ತಿಂಗಳ ತರಬೇತಿಗೆ ಜರ್ಮನಿಗೆ ಕಳಿಸಿದರು. ಆಗಿನ್ನೂ ಯೂರೋ ನೋಟು ಹೊಸದು. ತರಬೇತಿ ಮುಗಿಯುವ ಹೊತ್ತಿಗೆ ನಾವಿಬ್ಬರೂ ಅಲ್ಲಿಗೆ ಹೋಗುವುದು, ಬಾಡಿಗೆ ಕಾರಿನಲ್ಲಿ ಉಮಾ ನಮ್ಮನ್ನು ಹತ್ತು ದಿನ ದೇಶ ದೇಶ ಸುತ್ತಿಸುವುದು ಎಂದು ತಾಯಿ-ಮಗಳು ಫೋನಿನಲ್ಲೇ ಮಸಲತ್ತು ಮಾಡಿದರು. ನಮ್ಮ ಅಡುಗೆಮನೆಯಲ್ಲಿ ಎಲ್ಲಿಂದಲೋ ಬಂದ ಒಂದು ಕ್ಯಾಲೆಂಡರಿತ್ತು. ಅದರಲ್ಲಿ ನೀಲಿ ಕೆರೆ, ಒಂದು ದೋಣಿ, ಗುಡ್ಡದ ಮೇಲೆ ಬಿಳಿ ಚರ್ಚು. ವರ್ಷ ಮುಗಿದರೂ ಸರೋಜ ಅದನ್ನು ಇಳಿಸಿರಲಿಲ್ಲ. ಆ ಕೆರೆ ನೋಡಬೇಕೆಂಬುದೇ ಅವಳ ಆಸೆ. ಅದು ಯಾವ ದೇಶದ್ದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ನಾನು ಹಿಂದೆ ಕೂರ್ತೀನಿ. ಅಪ್ಪ-ಮಗಳು ಮುಂದೆ ಕೂತ್ಕೊಂಡು ಜಗಳ ಆಡ್ರಿ" ಎಂದು ಸೀಟೂ ಹಂಚಿಬಿಟ್ಟಿದ್ದಳು. ಪಾಸ್‌ಪೋರ್ಟು ಬಂದ ದಿನ ಅದರ ಫೋಟೋ ನೋಡಿ, ಇದು ನಾನಲ್ಲ, ನಮ್ಮತ್ತೆ ಎಂದು ನಕ್ಕಿದ್ದಳು.

ಆಮೇಲೆ ಜ್ವರ ಬಂತು. ಮೊದಲು ಬರೀ ಜ್ವರವೆಂದುಕೊಂಡೆವು, ಆಮೇಲೆ ಕಾಮಾಲೆ ಎಂದರು, ಆಸ್ಪತ್ರೆಗೆ ಸೇರಿಸಿದೆವು. "ಉಮಂಗೆ ಹೇಳ್ಬ್ಯಾಡ್ರಿ, ಸುಮ್ನೆ ಗಾಬರಿಯಾಗ್ತಾಳೆ" ಎಂದಳು ಸರೋಜ. ನನಗೂ ಅದೇ ಬೇಕಿತ್ತು. ಭಾನುವಾರ ಭಾನುವಾರ ಮಗಳ ಫೋನು ಮನೆಗೆ ಬರುತ್ತಿತ್ತು. ಮೊದಲ ಭಾನುವಾರ ಆಸ್ಪತ್ರೆಯಿಂದ ಓಡಿಬಂದು ಫೋನೆತ್ತಿ, ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಳೆ ಎಂದೆ.

ಎರಡನೆಯ ವಾರ ಸರೋಜ ತೀರಾ ಇಳಿದುಹೋದಳು. ಶನಿವಾರ ನನ್ನ ಕೈ ಹಿಡಿದು, "ರೀ, ಉಮನ್ನ ಒಂದ್ಸಲ ಬಂದು ಹೋಗು ಅನ್ರೀ. ನೋಡ್ಬೇಕು ಅನ್ನಿಸ್ತಾ ಐತಿ" ಎಂದಳು. ಮರುದಿನ ಮನೆಗೆ ಬರುವಾಗ ರೈಲಿನುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡೆ. ಉಮಾ, ಅಮ್ಮನಿಗೆ ಹುಷಾರಿಲ್ಲ, ಬಂದು ಹೋಗು. ಇಷ್ಟೇ ತಾನೇ? ಫೋನು ಹೊಡೆದುಕೊಂಡಿತು. ಎತ್ತಿದೆ. "ಅಮ್ಮಾಕಿಟ್ಟ ಕುಡುಪ್ಪಾ" ಎಂದಳು. ಅಮ್ಮನಿಗೆ ಕೊಡು ಎನ್ನುವುದು ಬಿಟ್ಟು ಫೋನಿನಲ್ಲಿ ಅವಳು ನನಗೆ ಬೇರೇನೂ ಹೇಳಿದವಳೇ ಅಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಮುಖ್ಯ ಮಾತನ್ನು ನಾನು ನೇರ ಆ ಹುಡುಗಿಗೆ ಹೇಳಿದವನಲ್ಲ. ನನ್ನ ಕಣ್ಣು ಅಡುಗೆಮನೆಯ ಕಡೆ ಹೋಯಿತು, ಅವಳಿಗೆ ಹೇಳು ಎನ್ನಲು. ಅಲ್ಲಿ ಯಾರಿದ್ದರು?

"ಅಮ್ಮ ಪೂಜೆಗೆ ಕೂತಿದ್ದಾಳೆ" ಎಂದೆ. ಸರಿಪ್ಪಾ ಎಂದು ಅವಳು ಫೋನಿಟ್ಟಳು.

ಥೂ, ನನ್ನ ಜನ್ಮಕ್ಕೆ! ಆಸ್ಪತ್ರೆಗೆ ವಾಪಸು ಹೋದೆ. ಸರೋಜ ಬಾಗಿಲ ಕಡೆಯೇ ನೋಡುತ್ತಿದ್ದಳು. "ಹೇಳಿದ್ರಾ?" ಎಂದಳು. "ಹೇಳ್ದೆ. ಬರ್ತಾಳಂತೆ" ಎಂದೆ. ಅವಳ ಮುಖ ಅರಳಿತು ನೋಡಿ, ಅದನ್ನು ನಾನು ಮರೆಯಲಾರೆ. ಮಾರನೆಯ ದಿನ ನರ್ಸಿನ ಹತ್ತಿರ ಬಾಚಣಿಗೆ ಕೇಳಿ ತಲೆ ಬಾಚಿಸಿಕೊಂಡಳು. ಮಗಳು ಬಂದಾಗ ಹೀಗೆ ಕೆದರಿಕೊಂಡಿದ್ದರೆ ಹೆದರುತ್ತಾಳಂತೆ. ಹೇಗೂ ಸಂಜೆಯೊಳಗೆ ಭಾವಮೈದುನನ ಕೈಯಲ್ಲಾದರೂ ಫೋನು ಮಾಡಿಸಬೇಕೆಂದಿದ್ದೆ. ನಾಳೆ ಮಾಡಿಸಿದರಾಯಿತು, ಇವತ್ತು ಸ್ವಲ್ಪ ಗೆಲುವಾಗಿದ್ದಾಳಲ್ಲ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಅವಳು ಹೋದಳು.

ಬಿಸಿಲುಗಾಲ, ಇಟ್ಟುಕೊಳ್ಳಬಾರದೆಂದು ಹಿರಿಯರೆಂದರು. ಭಾವಮೈದುನ ಫೋನು ಮಾಡಿ ತಿಳಿಸಿದ ಮೇಲೆ, ಮಣ್ಣು ಮಾಡಿದ ಮರುದಿನ ಉಮಾ ಬಂದಳು. ನನಗೆ ಯಾಕೆ ಹೇಳಲಿಲ್ಲ ಎಂದು ಯಾರನ್ನೂ ನೋಡದೆ ಕೇಳಿದಳು. ನಾನು ಭಾವಮೈದುನನ ಕಡೆ ತಿರುಗಿ, "ಅವರಮ್ಮನೇ ಹೇಳ್ಬ್ಯಾಡ ಅಂದ್ಲು" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂದು ನನಗೊಬ್ಬನಿಗೇ ಗೊತ್ತಿತ್ತು.

ಒಂದು ವರ್ಷ ಒಂದೇ ಮನೆಯಲ್ಲಿ ಇಬ್ಬರು ಮೂಗರಂತೆ ಇದ್ದೆವು. ಊಟವಾಯ್ತಾ, ಕೀಲಿಕೈ ಎಲ್ಲಿ, ಅಷ್ಟೇ. ಕಾರ್ಖಾನೆಯವರು ಅವಳನ್ನು ಮತ್ತೆ ಜರ್ಮನಿಗೆ ಕಳಿಸುವುದೆಂದಾದಾಗ ವೀಸಾ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಅಮ್ಮಾ ಆಸೆಪ್ಪಟ್ಟಾಂಗ" ಎಂದು ಗೋಡೆಗೆ ಹೇಳಿದಳು. ಅಮ್ಮ ಆಸೆಪಟ್ಟಿದ್ದರು. ನಾನು ಸಹಿ ಹಾಕಿದೆ. ನನ್ನ ನಾದಿನಿ ದಾವಣಗೆರೆಯಿಂದ ಖಡಕ್ ರೊಟ್ಟಿ, ಚಟ್ನಿಪುಡಿ ಕಳಿಸಿದಳು. ಅದನ್ನೆಲ್ಲ ಸರೋಜಳ ಬುಟ್ಟಿಗೆ ತುಂಬಿಕೊಂಡು ವಿಮಾನ ಹತ್ತಿದೆ.

ಸಣ್ಣ ಬೂದು ಬಣ್ಣದ ಕಾರು. ಉಮಾ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೆ ಬೆಲ್ಟು ಬಿಗಿದಳು. ನಾನು ಮುಂದೆ, ತೊಡೆಯ ಮೇಲೆ ನಕಾಶೆಯ ಪುಸ್ತಕ. ದಾರಿ ತೋರಿಸುವ ಕೆಲಸ ನನ್ನದು. ಎಲ್ಲರೂ ಬಲಗಡೆಯಲ್ಲೇ ಹೋಗುವ ರಸ್ತೆ, ಬರುವ ಲಾರಿಯೆಲ್ಲ ನೇರ ನಮ್ಮ ಮೇಲೇ ಬರುತ್ತಿದೆಯೆಂದು ಕಾಲಿಂದ ಇಲ್ಲದ ಬ್ರೇಕು ಒತ್ತುತ್ತಿದ್ದೆ. ಎಳೆಯುವುದಕ್ಕೆ ಒಂದು ಚೈನೂ ಇಲ್ಲದ ವಾಹನ ಅದೆಂಥದ್ದು! ಕೊನೆಗೆ ತಡೆಯಲಾರದೆ ಹಿಂದಕ್ಕೆ ತಿರುಗಿ, "ಅವಳಿಗೆ ಹೇಳು, ಸ್ವಲ್ಪ ನಿಧಾನಕ್ಕೆ ಹೋಗು ಅಂತ" ಎಂದುಬಿಟ್ಟೆ.

ಹಿಂದಿನ ಸೀಟಿನಲ್ಲಿ ಬುಟ್ಟಿ ಕೂತಿತ್ತು. ಉಮಾ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಅಪ್ಪಾಕಿಟ್ಟ ಸೊಲ್ಲುಮ್ಮಾ, ಎನಕ್ಕು ತೆರಿಯುಮ್ನು" ಎಂದಳು.

ಅಲ್ಲಿಂದ ಮೂರು ದಿನ ನಾವು ಬುಟ್ಟಿಯ ಜೊತೆ ಮಾತಾಡಿದೆವು. ನಗಬೇಡಿ, ಒಂದು ವರ್ಷದಲ್ಲಿ ಆಡದಷ್ಟು ಆಡಿದೆವು. ಮುಂದಿನ ತಿರುವು ಬಂತೆಂದು ನಾನು ಬುಟ್ಟಿಗೆ ಹೇಳುತ್ತಿದ್ದೆ, ಆ ತಿರುವು ದಾಟಿ ಆಗಲೇ ಬಹಳ ದೂರ ಬಂದೆವೆಂದು ಅವಳು ಬುಟ್ಟಿಗೆ ದೂರುತ್ತಿದ್ದಳು. ಕೆರೆ ಕಂಡಲ್ಲೆಲ್ಲ ನಿಲ್ಲಿಸಿ, ಇದೇ ಇರಬೇಕು ಅನ್ನುವುದು. ದೋಣಿ ಇದ್ದರೆ ಚರ್ಚಿಲ್ಲ, ಚರ್ಚಿದ್ದರೆ ಗುಡ್ಡವಿಲ್ಲ. ರಸ್ತೆ ಬದಿಯ ಬೆಂಚಿನ ಮೇಲೆ ರೊಟ್ಟಿ ಮುರಿಯುವಾಗ ಆ ದೇಶದ ಜನ ಸದ್ದಿಗೆ ತಿರುಗಿ ನೋಡುತ್ತಿದ್ದರು. ಉಮಾ ಎರಡು ಸಲ ನಕ್ಕದ್ದು ನನಗೆ ನೆನಪಿದೆ.

ನಾಲ್ಕನೆಯ ದಿನ ಆಸ್ಟ್ರಿಯಾದಲ್ಲಿ ಒಂದು ಕೆರೆಯ ದಂಡೆಯುದ್ದಕ್ಕೂ ಹೋಗುತ್ತಿದ್ದೆವು. ದೋಣಿ, ಗುಡ್ಡ, ಬಿಳಿ ಚರ್ಚು, ಮೂರೂ ಇದ್ದವು. ಇಬ್ಬರೂ ನೋಡಿದೆವು. ಆಗ ಉಮಾ ಕನ್ನಡಿಯಲ್ಲಿ ಬುಟ್ಟಿಯನ್ನು ನೋಡುತ್ತ ಮೆಲ್ಲಗೆ, "ಏಮ್ಮಾ ಎನ್ನ ವೇಣಾಂನು ಸೊನ್ನೆ?" ಎಂದಳು. ಯಾಕಮ್ಮಾ ನನ್ನನ್ನು ಬೇಡ ಅಂದೆ? ಒಂದು ವರ್ಷದಿಂದ ನನಗೆ ನಿನ್ನ ಮೇಲೆ ಎಷ್ಟು ಕೋಪ ಗೊತ್ತಾ ಎಂದೂ ಕೇಳಿದಳು.

ಅಯ್ಯೋ ಶಿವನೇ. ನನ್ನ ಮೇಲೆ ಕೋಪವಿದೆಯೆಂದುಕೊಂಡು ನಾನು ಒಂದು ವರ್ಷ ತಲೆ ತಗ್ಗಿಸಿಕೊಂಡಿದ್ದೆ. ಈ ಮಗು ಸತ್ತ ತಾಯಿಯ ಮೇಲೆ ಕೋಪ ಇಟ್ಟುಕೊಂಡು ಕೂತಿತ್ತು. ನಾನು ಸುಮ್ಮನಿದ್ದರೆ ಆ ಕೋಪ ಅಲ್ಲೇ ಇರುತ್ತಿತ್ತು, ನಾನು ಬಚಾವು. ಆ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ.

"ಸರೋಜಾ, ಅವಳಿಗೆ ಹೇಳು" ಎಂದೆ ಹಿಂದಕ್ಕೆ ತಿರುಗದೆಯೇ. "ನೀನು ಕರೆಸಿ ಅಂದಿದ್ದೆ ಅಂತ ಹೇಳು. ಶನಿವಾರ ಅಂದಿದ್ದೆ. ಭಾನುವಾರ ಅವಳ ಫೋನು ಬಂತು, ನಾನೇ ಹೇಳಲಿಲ್ಲ. ನನಗೆ ಬಾಯಿ ಬರಲಿಲ್ಲ. ನಿನಗೆ ಬರ್ತಾಳೆ ಅಂತ ಸುಳ್ಳು ಹೇಳಿದೆ. ನೀನು ತಲೆ ಬಾಚಿಸ್ಕೊಂಡೆ."

ಕಾರು ರಸ್ತೆಯ ಬದಿಗೆ ಹೋಗಿ ನಿಂತಿತು. ಉಮಾ ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿದಳು, ನೇರ ನನ್ನ ಮುಖಕ್ಕೆ. ಕನ್ನಡದಲ್ಲಿ ಕೇಳಿದಳು.

"ಅಮ್ಮ ಕಾಯ್ತಾ ಇದ್ದಳಾ?"

"ಹೂಂ."

"ಎಷ್ಟು ದಿನ?"

"ಎರಡು ದಿನ."

"ಏನಂದಳು? ಅವಳ ಮಾತಲ್ಲೇ ಹೇಳು."

ನಾನು ಹೇಳಿದೆ. ಒಂದ್ಸಲ ಬಂದು ಹೋಗು ಅನ್ರೀ, ನೋಡ್ಬೇಕು ಅನ್ನಿಸ್ತಾ ಐತಿ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಮೂರನೆಯ ಸಲವೂ ಹೇಳಿಸಿದಳು. ಅವಳು ಇಳಿದು, ಹಿಂದಿನ ಬಾಗಿಲು ತೆಗೆದು, ಬುಟ್ಟಿ ಎತ್ತಿಕೊಂಡು ಕೆರೆಯ ಕಡೆ ನಡೆದಳು. ಅಲ್ಲಿ ಕಲ್ಲಿನ ಮೇಲೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನು ಕಾರಿನಲ್ಲೇ ಕೂತಿದ್ದೆ. ಹೋಗಿ ತಲೆ ಸವರಬೇಕೆನ್ನಿಸಿತು, ಯಾವ ಮುಖ ಇಟ್ಟುಕೊಂಡು ಹೋಗಲಿ?

ಉಳಿದ ಆರು ದಿನ ಇಟಲಿಯವರೆಗೂ, ಗೊತ್ತುಮಾಡಿದ್ದ ಕಡೆಗೆಲ್ಲ ಅವಳು ಕರೆದುಕೊಂಡು ಹೋದಳು, ಹೊತ್ತಿಗೆ ಸರಿಯಾಗಿ ಊಟ ಕೊಡಿಸಿದಳು, ಮಾತ್ರೆ ನೆನಪಿಸಿದಳು. ಮಾತಿಲ್ಲ. ಬುಟ್ಟಿಯ ಜೊತೆಗೂ ಇಲ್ಲ. ಇಟಲಿಯಲ್ಲಿ ಏನೇನು ನೋಡಿದಿರಿ ಎಂದು ಇಲ್ಲಿಯವರು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ನೋಡಿದ್ದು ಅವಳ ಎಡಗೆನ್ನೆ... ಇಲ್ಲ, ಅಲ್ಲಿ ಡ್ರೈವರು ಎಡಕ್ಕೆ ಕೂರುವುದು, ಬಲಗೆನ್ನೆ. ವಿಮಾನ ನಿಲ್ದಾಣದಲ್ಲಿ ಬುಟ್ಟಿಯನ್ನು ನನ್ನ ಕೈಗೆ ಕೊಡುತ್ತ, "ಅಪ್ಪಾ, ಇನ್ಮೇಲೆ ಏನಿದ್ರೂ ನನ್ ಹತ್ರನೇ ಹೇಳು" ಎಂದಳು. ಹೂಂ ಎಂದೆ. ಕ್ಷಮಿಸಿದಳೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಇದಾಗಿ ಆರು ವರ್ಷ. ಈಗ ಹೇಳಿ, ಇಂಥ ಮಾತು ಕೊಟ್ಟು ಬಂದವನು ಎರಡು ದಿನದಿಂದ ಚೀಟಿ ಬಚ್ಚಿಟ್ಟುಕೊಂಡು ಕೂತಿದ್ದಾನಲ್ಲ, ಅವನಿಗೆ ಏನೆನ್ನಬೇಕು? ಅವಳಿಗೆ ಆಫೀಸಿದೆ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ಮಾತು ಮೊದಲು ಎಲ್ಲಿ ಕೇಳಿದ್ದೆನೆಂದು ಇದನ್ನು ಬರೆಯುತ್ತಿರುವಾಗ ನೆನಪಾಗಿ, ಪೆನ್ನು ಕೆಳಗಿಟ್ಟು ಎದ್ದೆ.

ಫೋನು ಮಾಡಿದೆ. "ಸೊಲ್ಲುಪ್ಪಾ" ಎಂದಳು, ಹೇಳಪ್ಪಾ ಅಂತ. ಚೆನ್ನಾಗಿದ್ದೀನಿ, ಸುಮ್ಮನೆ ಮಾಡಿದೆ ಎನ್ನುವುದು ನಾಲಗೆಯ ತುದಿಯಲ್ಲೇ ಇತ್ತು. ಕಣ್ಣು ಅಡುಗೆಮನೆಯ ಕಡೆ ಹೋಯಿತು. ಹಿಡಿ ಕಿತ್ತ ಬುಟ್ಟಿ ಅಲ್ಲಿ ವಾಲಿಕೊಂಡು ಕೂತಿತ್ತು.

"ಉಮಾ, ನನಗೆ ಹುಷಾರಿಲ್ಲ ಕಣಮ್ಮಾ" ಎಂದೆ. "ಒಂದ್ಸಲ ಬಂದು ಹೋಗು. ನೋಡ್ಬೇಕು ಅನ್ನಿಸ್ತಾ ಐತಿ."

"ಬರ್ತೀನಪ್ಪಾ. ಈಗಲೇ ಬರ್ತೀನಿ" ಎಂದಳು, ಕನ್ನಡದಲ್ಲಿ.

ತಾಂಬರದಿಂದ ಇಲ್ಲಿಗೆ ಎರಡು ರೈಲು ಹತ್ತಬೇಕು, ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಚೀಟಿಯನ್ನು ತೆಗೆದು ಮೇಜಿನ ಮೇಲೆ ಕಾಣುವ ಹಾಗಿಟ್ಟೆ. ಬಾಗಿಲ ಚಿಲಕ ತೆಗೆದೆ. ಆಮೇಲೆ ಬಾಚಣಿಗೆ ಹುಡುಕಿಕೊಂಡು ಬಂದು, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೂತು, ತಲೆ ಬಾಚಿಕೊಂಡೆ.