ಜಿರಾಫೆ ಇಲ್ಲದ ಜಿಲ್ಲೆ

ಅಮೆರಿಕದ ಪ್ಲೆಸೆಂಟನ್ನಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದವಳು ಘಾನಾ ದೇಶದ ಉತ್ತರದವಳು, ನರ್ಸು. ಅವಳ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ನಡೆದು ಬರುವಾಗ ಅವಳು ತನ್ನ ಜಿಲ್ಲೆಯ ಮಾತಾಡುತ್ತಿದ್ದಳು. ಸಮುದ್ರ ಅಲ್ಲಿಂದ ಬಹಳ ದೂರ. ವರ್ಷಕ್ಕೆ ಒಂದೇ ಮಳೆಗಾಲ. ಆಮೇಲೆ ಮರುಭೂಮಿಯ ಕಡೆಯಿಂದ ಧೂಳು ಹೊತ್ತ ಒಣಗಾಳಿ, ತುಟಿ ಒಡೆಯುವಷ್ಟು. ಬೆಳೆಯುವುದು ಸಜ್ಜೆ, ಜೋಳ, ಶೇಂಗಾ. ಹೊಲಗಳ ನಡುವೆ ಶಿಯಾ ಮರಗಳು. ಅದರ ಬೀಜ ಆಯ್ದು, ಹುರಿದು, ಅರೆದು, ನಾದಿ ಬೆಣ್ಣೆ ತೆಗೆಯುವವರು ಹೆಂಗಸರು. ಆ ಬೆಣ್ಣೆಯನ್ನು ಸಂತೆಯಲ್ಲಿ ಮಾರಿಯೇ ತಾಯಿ ಅವಳನ್ನು ಓದಿಸಿದ್ದು. ವಿಜಯಪುರದ ಕಡೆಯವಳಾದ ನನಗೆ ಶಿಯಾ ಒಂದನ್ನು ಬಿಟ್ಟರೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಸ್ಕೂಲಿನಲ್ಲಿ ವರ್ಷಕ್ಕೊಮ್ಮೆ ದೇಶವಿದೇಶಗಳ ಸಂಜೆ ನಡೆಯುತ್ತದೆ; ಒಂದೊಂದು ದೇಶದವರಿಗೆ ಒಂದೊಂದು ಟೇಬಲ್. ಅವಳು ಒಂದು ಬಟ್ಟಲು ಶಿಯಾ ಬೆಣ್ಣೆ, ಕೈಮಗ್ಗದ ಪಟ್ಟೆಪಟ್ಟೆ ಅಂಗಿ, ಮಗಳು ಬರೆದ ಜಿಲ್ಲೆಯ ನಕ್ಷೆ ತಂದಳು. ನೋಡಿದರೆ ಅವಳ ಟೇಬಲ್ಲಿನ ಹಿಂದೆ ಆಳೆತ್ತರದ ರಟ್ಟಿನ ಜಿರಾಫೆ! ಗೋಡೆ ತುಂಬ ಸಿಂಹದ ಮುಖವಾಡ. ಮೇಲೆ ‘ಆಫ್ರಿಕಾ’ ಎಂದು ಬೋರ್ಡು.

“ನಮ್ಮ ಕಡೆ ಜಿರಾಫೆ ಇಲ್ಲ. ನಾನೂ ಅದನ್ನು ಮೊದಲು ನೋಡಿದ್ದು ಇಲ್ಲಿನ ಝೂನಲ್ಲಿ,” ಎಂದು ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

ಅಲಂಕಾರದ ಉಸ್ತುವಾರಿ ಹಾಸನದ ನನ್ನ ಗೆಳತಿಯದು. ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಅಯ್ಯೋ ಬಿಡ್ರೀ, ಕಿಡ್ಸ್‌ಗೆ ಫನ್ ಆಗಿರ್ಲಿ ಅಂತ ಇಟ್ಟಿದ್ದು. ಅವರ ಊರಲ್ಲಿ ತೋರಿಸೋಕೆ ಇನ್ನೇನಿದೆ ಹೇಳಿ?”

ನನ್ನ ಮೈ ಉರಿಯಿತು. ಹಿಂದಿನ ವರ್ಷ ನಮ್ಮ ಭಾರತದ ಟೇಬಲ್ಲಿಗೆ ಯಾರೋ ಹಾವಾಡಿಗನ ಚಿತ್ರ ಅಂಟಿಸಿದ್ದಕ್ಕೆ ಪ್ರಿನ್ಸಿಪಾಲರ ಆಫೀಸಿನ ತನಕ ಹೋಗಿ ಜಗಳ ಮಾಡಿದವಳು ಇವಳೇ!

“ಹಾವಾಡಿಗ ನಿಮಗ ಬ್ಯಾಡಾಗಿದ್ದ. ಆಕಿಗೆ ಜಿರಾಫೆ ಬೇಕೇನ್ರೀ?” ಎಂದು ಕೂಗಿದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ವಿಜಯಪುರವೇ ಬರುತ್ತದೆ.

“ಅದು ಬೇರೆ, ಇದು ಬೇರೆ.”

ನಾನೇ ಜಿರಾಫೆಯನ್ನು ಎತ್ತಿಕೊಂಡು ಹೋಗಿ ಹೊರಗಿನ ಕಸದ ಡಬ್ಬಿಯ ಪಕ್ಕ ನಿಲ್ಲಿಸಿ ಬಂದೆ. ಮುಖವಾಡಗಳನ್ನು ಕಿತ್ತು ನಕ್ಷೆ ಅಂಟಿಸಿದೆ. ಎಲ್ಲರೂ ನೋಡುತ್ತಿದ್ದರು.

“ಇಷ್ಟು ಕೂಗಬಾರದಿತ್ತು,” ಎಂದಳು ನರ್ಸು. “ನಾಳೆಯೂ ನನ್ನ ಮಗಳು ಇದೇ ಸ್ಕೂಲಿಗೆ ಬರಬೇಕು.”

ಅವಳು ಬಟ್ಟಲು ಮುಂದಿಟ್ಟು, ಬಂದ ಮಕ್ಕಳ ಅಂಗೈಗೆಲ್ಲ ಬೆಣ್ಣೆ ಸವರಿ ಅದು ಬಂದ ದಾರಿಯನ್ನು ನಗುತ್ತಲೇ ವಿವರಿಸಿದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಮುಂದಿನ ವರ್ಷ ಅವಳಿಗೆ ಟೇಬಲ್ಲೇ ಕೊಡಲಿಲ್ಲ. ಕೇಳಿದರೆ ಜಾಗ ಸಾಲಲಿಲ್ಲವಂತೆ. ಭಾರತಕ್ಕೆ ಮಾತ್ರ ಎರಡು ಟೇಬಲ್ ಇದ್ದವು. ಒಂದರಲ್ಲಿ ನಿಲ್ಲಲು ನನ್ನನ್ನು ಕರೆದರು. ನಾನು ಹೋಗಲಿಲ್ಲ.