ಆಲಿವ್ ಮರದ ಊರುಗೋಲು

ಇಟಲಿಯ ಕಲಾಬ್ರಿಯಾದ ಆ ಗುಡ್ಡದ ಊರಿಗೆ ಅರ್ಜೆಂಟೀನಾದಿಂದಲೋ ಬ್ರೆಜಿಲ್‌ನಿಂದಲೋ ಹಿರಿಯರ ಬೇರು ಹುಡುಕಿಕೊಂಡು ಯಾರೇ ಬರಲಿ, ಕೊನೆಗೆ ಬಂದು ಕೂರುವುದು ದೊನಾಟಜ್ಜಿಯ ಬಾಗಿಲಲ್ಲೇ. ಅರ್ಧ ಊರಿಗೆ ಒಂದೇ ಮನೆತನದ ಹೆಸರು. ಹಡಗು ಹತ್ತಿ ಹೋದವರು ಯಾರ ಮನೆಯವರೆಂದು ಬಿಡಿಸಿ ಹೇಳಲು ಅವಳೇ ಬೇಕು. ಬಂದವರಿಗೆಲ್ಲ ಒಂದು ಕುರ್ಚಿ, ಒಂದು ಬಟ್ಟಲು ಕಾಫಿ, ಜೊತೆಗೆ ಒಂದಿಷ್ಟು ಬೈಗುಳ.

ಅರ್ಜೆಂಟೀನಾದ ರೊಸಾರಿಯೊದಿಂದ ಬಂದ ಎಜೆಕಿಯೆಲ್‌ಗೂ ಅದೇ ಉಪಚಾರ ನಡೆಯಿತು.

"ನೂರು ವರ್ಷ ಬಿಟ್ಟು ಊರು ನೆನಪಾಯ್ತೇನಪ್ಪ? ನಿಮ್ಮ ಮುತ್ತಾತಂದು ಏನಾದ್ರೂ ಗುರುತು ಇದ್ಯಾ?"

ಅವನು ಹೆಮ್ಮೆಯಿಂದ ನುಣುಪಾದ ಊರುಗೋಲೊಂದನ್ನು ಅವಳ ಕೈಗಿತ್ತ. "ನಮ್ಮ ಹಿತ್ತಲ ಆಲಿವ್ ಮರದ್ದು ಅಜ್ಜಿ. ಹಡಗು ಹತ್ತೋ ಹಿಂದಿನ ದಿನ ಕಡಿದಿದ್ದಂತೆ."

"ಯಾರ ಹಿತ್ತಲು?" ಅಜ್ಜಿಯ ದನಿ ಏರಿತು. "ಬೇಲಿ ಜಗಳಕ್ಕೆ ನಮ್ಮಜ್ಜನ ಮರಾನ ಉರುಳಿಸಿ ಓಡಿಹೋದ ಪುಣ್ಯಾತ್ಮ ನಿಮ್ಮೋನೇನಾ? ನಿಮ್ಮ ಮನೆಯೋರ ಜೊತೆ ಇವತ್ತಿಗೂ ನಮಗೆ ಮಾತಿಲ್ಲ, ಗೊತ್ತಾ?" ಎನ್ನುತ್ತ ಅವನ ಕೈಯಿಂದ ಕಾಫಿ ಬಟ್ಟಲು ಕಿತ್ತುಕೊಂಡಳು.

ಎಜೆಕಿಯೆಲ್‌ನ ಮುಖ ಅರಳಿತು. "ನಮ್ಮ ಮನೆಯೋರು ಇನ್ನೂ ಇದ್ದಾರಾ! ಎಲ್ಲಜ್ಜಿ?"

"ಎದುರು ಮನೆ. ಹೋಗಿ ಬಾಗಿಲು ತಟ್ಟು."

ಅವನು ಕೋಲಿಗೆ ಕೈಚಾಚಿದ. ಅಜ್ಜಿ ಅದನ್ನು ತನ್ನ ಕುರ್ಚಿಗೆ ಒರಗಿಸಿಕೊಂಡಳು.

"ನಿನ್ನ ಮನೆ ನಿನಗೆ ಸಿಕ್ತಲ್ಲ. ಇದರ ಮನೆ ಇದಕ್ಕೆ ಸಿಕ್ತು."