ಭಟ್ಟರ ಅಡುಗೆಮನೆಯಲ್ಲಿ ಕರಗಿದ ಮಣಿಗಳು

ಕೊರೋನಾ ಕಳೆದ ಎರಡನೆಯ ಬೇಸಿಗೆ. ನಾನಾಗ ಬೇಲಾಪುರದ ಒಂದು ಚಿಕ್ಕ ಕಂಪನಿಯಲ್ಲಿ ಸೀನಿಯರ್ ಸರ್ವಿಸ್ ಎಂಜಿನಿಯರ್; ನಿವೃತ್ತಿ ಹತ್ತಿರವಿತ್ತು. ಪ್ರಕೃತಿಯಲ್ಲಿ ಸಿಗುವ ವಸ್ತುಗಳಿಂದಲೇ ನೀರು ಶುದ್ಧ ಮಾಡಬೇಕೆಂಬುದು ನಮ್ಮ ಕಂಪನಿಯ ಹುಚ್ಚು. ಆ ವರ್ಷದ ಹೊಸ ಸರಕು ಕೈಟೋಸಾನ್ ಮಣಿಗಳು. ಸಿಗಡಿ ಚಿಪ್ಪಿನಿಂದ ತೆಗೆದ ಪದಾರ್ಥವದು. ಬೋರ್‌ವೆಲ್ ನೀರಿನ ಕೆಸರನ್ನೂ ಕಬ್ಬಿಣದ ಅಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ವಿಠ್ಠಲವಾಡಿ ಸ್ಟೇಷನ್ ಹತ್ತಿರ ಶೇಖರ ಶೆಟ್ಟರ ಶುದ್ಧ ಸಸ್ಯಾಹಾರಿ ಹೋಟೆಲ್. ಅವರ ಬೋರ್‌ವೆಲ್ ನೀರು ಕೆಂಪಗೆ ಬರುತ್ತಿತ್ತು. ತಪಾಸಣೆಗೆ ಬಂದ ಅಧಿಕಾರಿ, ಮುಂದಿನ ಸ್ಯಾಂಪಲ್ ಕೆಟ್ಟರೆ ಬೀಗ ಹಾಕುವುದಾಗಿ ಹೇಳಿ ಹೋಗಿದ್ದರು. ಮಣಿ ಯಾವುದರದ್ದೆಂದು ನಾನು ಕೌಂಟರಿನಲ್ಲೇ ಶೆಟ್ಟರಿಗೆ ಬಿಡಿಸಿ ಹೇಳಿದೆ. ತಮ್ಮ ಮನೆಯಲ್ಲಿ ಸಿಗಡಿ ಸುಕ್ಕ ಇಲ್ಲದ ಭಾನುವಾರವೇ ಇಲ್ಲ, ತಮಗೇನು ತಕರಾರು ಎಂದು ಅವರು ನಕ್ಕರು. ಇಷ್ಟೆಲ್ಲ ರಸಾಯನ ಕಂಡ ಮೇಲೆ ಅದು ಸಿಗಡಿಯಾಗಿ ಉಳಿದಿರುವುದಿಲ್ಲ ಎಂದು ನಾನೂ ನಕ್ಕೆ.

ಫಿಲ್ಟರ್ ಕೂರಿಸಿದೆವು. ನೀರು ತಿಳಿಯಾಯಿತು. ವಾರಕ್ಕೊಮ್ಮೆ ಮಣಿಗಳನ್ನು ಬರೀ ನೀರಿನಲ್ಲಿ ಜಾಲಿಸಲು ಮುಖ್ಯ ಅಡುಗೆಯವರಾದ ವಾಸುದೇವ ಭಟ್ಟರಿಗೆ ತೋರಿಸಿಕೊಟ್ಟು ಬಂದೆ.

ಹತ್ತು ದಿನ ಕಳೆಯುವಷ್ಟರಲ್ಲಿ ಶೆಟ್ಟರ ಫೋನು. ನೀರು ಮತ್ತೆ ಕೆಂಪು, ಮುಟ್ಟಿದರೆ ಲೋಳೆ. ಹೋಗಿ ಬಿಚ್ಚಿದರೆ ಅರ್ಧದಷ್ಟು ಮಣಿಗಳೇ ಇಲ್ಲ. ಪಂಪಿನ ಒತ್ತಡ ನೋಡಿದೆ, ಸರಿ ಇತ್ತು. ಬೋರ್‌ವೆಲ್ ನೀರಿನಲ್ಲಿ ಆಮ್ಲವಿರಬಹುದೇ ಎಂದು ಅಳೆದೆ, ಅದೂ ಇಲ್ಲ. ಹೊಸ ಮಣಿ ತುಂಬಿಸಿ ಬಂದೆ, ಅವೂ ಮಾಯವಾದವು. ಆಫೀಸಿನಲ್ಲಿ ಪ್ಯಾಕಿಂಗಿನವರನ್ನು ಬೈದರು, ಪ್ಯಾಕಿಂಗಿನವರು ನನ್ನನ್ನು ಬೈದರು. ನನ್ನ ತಲೆ ಕೆಟ್ಟು ಮೊಸರಾಗಿತ್ತು. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳೇ ಎನಿಸಿ ನಿಜಕ್ಕೂ ಹೆದರಿದ್ದೆ.

ಮೂರನೆಯ ಸಲ ಮಣಿ ತುಂಬಿಸಿದ ಮೇಲೆ, ಜಾಲಿಸುವ ದಿನವೇ ಹೋಗಿ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿ ಕೂತೆ. ಭಟ್ಟರು ನನ್ನ ಕಡೆ ಎರಡು ಮೂರು ಸಲ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು, ಬೋಗುಣಿಯಲ್ಲಿ ಹುಣಸೆಹುಳಿ ಕಿವುಚಿ, ಆ ರಸವನ್ನು ಮಣಿಗಳ ಮೇಲೆ ಸುರಿದು, ತಾಮ್ರದ ಹಂಡೆ ಬೆಳಗುವವರಂತೆ ತಿಕ್ಕತೊಡಗಿದರು. ಕೈಟೋಸಾನ್ ನೀರಿಗೆ ಜಗ್ಗುವುದಿಲ್ಲ, ಆದರೆ ಹುಳಿಯಲ್ಲಿ ಕರಗುತ್ತದೆ. ನಾನು ಧಡಕ್ಕನೆ ಎದ್ದು ಅವರ ಕೈ ಹಿಡಿದೆ.

"ನೀವು ಕೌಂಟರಲ್ಲಿ ಹೇಳಿದ್ದು ನಂಗೆ ಕೇಳಿತ್ತು ಸಾರ್" ಎಂದರು ಭಟ್ಟರು. "ಬೆಳಿಗ್ಗೆಯ ಮೊದಲ ಇಡ್ಲಿ ದೇವರಿಗೆ ಇಡುದು ನಾನು. ಗೊತ್ತಿದ್ದೂ ಹೇಗೆ ಇಡುದು? ಬೇಡ ಅಂದ್ರೆ ಹೋಟೆಲಿಗೆ ಬೀಗ ಬೀಳ್ತದೆ. ಹುಳಿ ಹಾಕಿ ತೊಳೆದ್ರೆ ಸ್ವಲ್ಪವಾದ್ರೂ ಶುದ್ಧ ಆಗ್ತದೆ ಅಂತ ತೊಳೆದೆ."

ಶೆಟ್ಟರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಕೂಗಾಡುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ, ಆ ನೀರಿನಲ್ಲಿ ಸಿಗಡಿ ಉಂಟೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದರು. ಇಲ್ಲ ಎಂದು ಲ್ಯಾಬಿನ ರಿಪೋರ್ಟೇ ಇತ್ತು. ಆದರೆ ಭಟ್ಟರ ಮುಖ ನೋಡುತ್ತ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಶೆಟ್ಟರು ಫಿಲ್ಟರಿನ ಕಡೆ ಕೈ ತೋರಿಸಿ, "ಹೊರಗೆ ಶುದ್ಧ ಸಸ್ಯಾಹಾರಿ ಅಂತ ಬೋರ್ಡು ಹಾಕಿದ್ದು ನಾನು, ಭಟ್ರಲ್ಲ. ಇದನ್ನು ತೆಗೀರಿ" ಎಂದರು. ಅಧಿಕಾರಿಗೆ ಕಾಯದೆ ಆ ಮಧ್ಯಾಹ್ನವೇ ತಾವಾಗಿ ಶಟರ್ ಎಳೆದರು.

ನುಗ್ಗೆ ಬೀಜದ ಸತ್ವ ಅಂಟಿಸಿದ ಮರಳಿನ ಇನ್ನೊಂದು ಫಿಲ್ಟರ್ ಕಂಪನಿಯಲ್ಲಿತ್ತು. ಅದನ್ನು ಮೇಲಿಂದ ಮೇಲೆ ಬದಲಿಸಬೇಕು, ಕೆಲಸ ಹೆಚ್ಚು. ಅದನ್ನೇ ಕೂರಿಸಿ, ಸ್ಯಾಂಪಲ್ ಪಾಸಾದ ಮೇಲಷ್ಟೇ ಹೋಟೆಲ್ ತೆರೆಯಿತು.

ಅಂದು ಶೆಟ್ಟರು ಕೇಳಿದ ಪ್ರಶ್ನೆಗೆ ಏನು ಉತ್ತರ ಕೊಡಬೇಕಿತ್ತೆಂದು ನನಗೆ ಇಂದಿಗೂ ಬಗೆಹರಿದಿಲ್ಲ. ನೀರಿನಲ್ಲಿ ಏನಿದೆ ಎಂದು ಲ್ಯಾಬು ಹೇಳುತ್ತದೆ. ಅದನ್ನು ಯಾರು ನೆಮ್ಮದಿಯಿಂದ ಕುಡಿಯಬಲ್ಲರು ಎಂದು ಹೇಳುವುದಿಲ್ಲ. ಆಮೇಲೆ ಕೆಲಸದಲ್ಲಿದ್ದಷ್ಟು ಕಾಲವೂ ನಾನು ಕೌಂಟರಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗುತ್ತಿದ್ದೆ. ಡಬ್ಬಿಯಲ್ಲಿರುವುದು ಏನೆಂದು ಅಲ್ಲಿನ ಅಡುಗೆಯವರಿಗೆ ಹೇಳಿ, ಅವರು ಹೂಂ ಎಂದ ಮೇಲೆಯೇ ಬಿಚ್ಚುತ್ತಿದ್ದೆ.